ಪೆಟ್ಟಿಗೆ ಕಟ್ಟುವ ಮೊದಲು

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಸ್ಟಾಫ್ ರೂಮಿಗೆ ಬರುವ ಪ್ರಶ್ನೆಗಳು ಬದಲಾಗುತ್ತವೆ. "ಸರ್, ಬೆಂಗಳೂರಿಗೆ ಹೋದ್ರೆ ಏನೇನು ತಗೊಂಡು ಹೋಗ್ಬೇಕು?" ಎಂದು ಕೇಳುವವರೇ ಹೆಚ್ಚು. ಬಕೆಟ್ಟು, ಹಾಸಿಗೆ, ಉಪ್ಪಿನಕಾಯಿ ಡಬ್ಬಿಯ ಮಾತು ಆಮೇಲೆ ಆಡೋಣ. ಮೊದಲು ನಮ್ಮ ಜಿಲ್ಲೆಯಿಂದಲೇ ಹಿಂದೆ ಹೊರಟವರು ಹೇಗೆ ಹೋದರು ಎಂದು ನೋಡೋಣ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ನರಸಿಂಹಯ್ಯ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಹೊರಟಾಗ ವಯಸ್ಸು 15ರ ಆಸುಪಾಸು. ಗೌರಿಬಿದನೂರಿಗೆ ಆಗಲೇ ರೈಲಿತ್ತು, ಟಿಕೆಟ್ಟಿಗೆ ಕಾಸಿರಲಿಲ್ಲ. ಸುಮಾರು 85 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದೇ ಸಾಗಿದರು. ಗಂಟೆಗೆ 5 ಕಿ.ಮೀ. ಎಂದು ಲೆಕ್ಕ ಹಾಕಿ: ದಿನಕ್ಕೆ ಎಂಟೂವರೆ ಗಂಟೆ ಬರೀ ನಡಿಗೆ. ಇವರೇ ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರ ಚಳವಳಿಯಲ್ಲಿ ಜೈಲಿಗೆ ಹೋಗಿಬಂದು, 1946ರಲ್ಲಿ ಎಂ.ಎಸ್ಸಿ. ಮುಗಿಸಿದ ಡಾ. ಎಚ್. ನರಸಿಂಹಯ್ಯ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು ಮರಳಿದರು; 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು.

ಈ ಕಥೆಯನ್ನು ನಾವು ಹೇಳುವಾಗ ನಡಿಗೆಯ ಬಳಿಯೇ ನಿಂತುಬಿಡುತ್ತೇವೆ. ಆದರೆ ಅವರು ಗೊತ್ತುಗುರಿಯಿಲ್ಲದೆ ನಡೆಯಲಿಲ್ಲ. ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು ವರ್ಗವಾಗಿ ಅದೇ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಬಾ, ಇಲ್ಲೇ ಓದು ಎಂದು ಕರೆದಿದ್ದರು. ಉಳಿಯಲು ಬಡ ಹುಡುಗರ ವಸತಿನಿಲಯ ಸಿಕ್ಕಿತು. ಅಂದರೆ ಚೀಲದಲ್ಲಿ ಏನೂ ಇಲ್ಲದಿದ್ದರೂ ಆ ತುದಿಯಲ್ಲಿ ಒಬ್ಬರು ಇದ್ದರು, ಮಲಗಲು ಒಂದು ಜಾಗ ಇತ್ತು. ಆ ಜಾಗದ ಬೆಲೆ ಅವರಿಗೆ ಎಷ್ಟು ತಿಳಿದಿತ್ತೆಂದರೆ, ಕುಲಪತಿಯಾದ ಮೇಲೂ ಅವರು ವಾಸವಿದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದೂ ಹೀಗೇ. ಚಿಕ್ಕಬಳ್ಳಾಪುರದ ಶಾಲೆಯಿಂದ ಬೆಂಗಳೂರಿಗೆ ಹೋದ ಅವರು ಮನೆಪಾಠ ಹೇಳಿ ಅನ್ನ, ವಸತಿ ಸಂಪಾದಿಸಿಕೊಂಡರು. ಪುಣೆಯ ಎಂಜಿನಿಯರಿಂಗ್ ಕಾಲೇಜಿಗೆ ಹೋಗಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ನೆರವಾಯಿತು.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ನಮ್ಮದು ಶಿಡ್ಲಘಟ್ಟದ ರೀಲಿಂಗ್ ಮನೆ. ಅಮ್ಮಿ ನನಗೆ ದೊಡ್ಡ ಕಬ್ಬಿಣದ ಟ್ರಂಕು ತುಂಬಿಸಿಕೊಟ್ಟಿದ್ದರು; ಅದರಲ್ಲಿ ಎರಡು ಕಂಬಳಿಯಿತ್ತು, ಚಕ್ಕುಲಿಯಿತ್ತು, ಆದಾಯ ಪ್ರಮಾಣಪತ್ರ ಇರಲಿಲ್ಲ. ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಅದೊಂದೇ ಕಾಗದಕ್ಕಾಗಿ ಬಸ್ಸು ಹತ್ತಿ ಊರಿಗೆ ವಾಪಸ್ ಬಂದೆ. ಹಾಸ್ಟೆಲ್ ತಪ್ಪಿತು. ಅಬ್ಬಾನ ಪರಿಚಯದ ರೇಷ್ಮೆ ವ್ಯಾಪಾರಿಯೊಬ್ಬರು ತಮ್ಮ ಗೋದಾಮಿನ ಮೇಲಿನ ಕೋಣೆ ಕೊಟ್ಟಿದ್ದರಿಂದ ಓದು ಉಳಿಯಿತು. ನನ್ನ ಜೊತೆ ಬಂದ ಗೆಳೆಯನಿಗೆ ಅಂಥವರು ಯಾರೂ ಇರಲಿಲ್ಲ. ನನಗಿಂತ ಹೆಚ್ಚು ಅಂಕ ಅವನದು. ಎರಡು ತಿಂಗಳು ದಿನಾ ಓಡಾಡಿದ, ಆಮೇಲೆ ಬಿಟ್ಟ. ಈಗಲೂ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಾಗ ನನ್ನ ಸಂಬಳ ಎಷ್ಟೆಂದು ಅವನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಆದ್ದರಿಂದ ಓಡಾಟದ ಲೆಕ್ಕವನ್ನು ಈಗಲೇ ಮಾಡಿ. ಚಿಂತಾಮಣಿಯ ಮನೆಯಿಂದ ಬೆಂಗಳೂರಿನ ಕಾಲೇಜು ಬಾಗಿಲಿಗೆ ಬಸ್ಸು, ಕಾಯುವುದು, ಮತ್ತೊಂದು ಬಸ್ಸು ಸೇರಿ ಎರಡೂವರೆ ಗಂಟೆ ಎಂದಿಟ್ಟುಕೊಳ್ಳಿ. ಹೋಗಿಬರಲು 5 ಗಂಟೆ, ತಿಂಗಳಿಗೆ 24 ದಿನ, ಒಟ್ಟು 120 ಗಂಟೆ. ಐದು ಪೂರ್ತಿ ಹಗಲು-ರಾತ್ರಿ! ಮನೆಯವರಿಗೆ ಪಾಸಿನ ಖರ್ಚು ಕಾಣಿಸುತ್ತದೆ, ಈ ಗಂಟೆಗಳು ಕಾಣಿಸುವುದಿಲ್ಲ. ಲೆಕ್ಕ ಬರೆದು ತೋರಿಸಿ. ಹಾಗೆಂದು ಎಲ್ಲರೂ ಊರು ಬಿಡಬೇಕೆಂದಲ್ಲ. ನಿಮಗೆ ಬೇಕಾದ ಕೋರ್ಸು ಇಲ್ಲೇ ಚೆನ್ನಾಗಿ ಸಿಗುವುದಾದರೆ ಇಲ್ಲೇ ಓದುವುದರಲ್ಲಿ ಅವಮಾನವೇನಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ಆಗಲೆಂದು ದುಡಿದವರೂ ಆ ನಡೆದುಹೋದ ನರಸಿಂಹಯ್ಯನವರೇ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತು ಬೇರೆ. ಸೀಟು ಸಿಕ್ಕಿದ ಮೇಲೂ "ದೂರ ಕಳಿಸೋಕಾಗಲ್ಲ" ಎಂಬಲ್ಲಿಗೆ ಮುಗಿದುಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮನೆಯವರ ಭಯವನ್ನು ಭಾಷಣದಿಂದ ಓಡಿಸಲಾಗದು. ಅಮ್ಮಿಯನ್ನೋ ಖಾಲಾನ್ನೋ ಒಂದು ದಿನ ಕರೆದುಕೊಂಡು ಹೋಗಿ ಹಾಸ್ಟೆಲ್ ತೋರಿಸಿ. ವಾರ್ಡನ್ ಯಾರು, ರಾತ್ರಿ ಗೇಟು ಎಷ್ಟು ಗಂಟೆಗೆ, ರಂಜಾನಿನಲ್ಲಿ ಸಹರಿಗೆ ಅಡುಗೆ ಮನೆ ತೆರೆಯುತ್ತದೆಯೇ ಎಂದು ಅವರೇ ಕೇಳಲಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ಬಾಲಕರಿಗೆ, ಬಾಲಕಿಯರಿಗೆ ಪ್ರತ್ಯೇಕವಾಗಿವೆ; ಹಿಂದುಳಿದ ವರ್ಗಗಳ ಇಲಾಖೆಯ ನಿಲಯಗಳೂ ಇವೆ. ಅರ್ಜಿ ಆನ್‌ಲೈನ್. ಕಾಲೇಜು ಶುರುವಾದ ಎಷ್ಟೋ ದಿನಗಳ ಮೇಲೆ ಆಯ್ಕೆ ಪಟ್ಟಿ ಬರುವುದುಂಟು. ಆ ನಡುವಿನ ವಾರಗಳಲ್ಲಿ ಎಲ್ಲಿರುತ್ತೀರಿ ಎಂಬುದಕ್ಕೆ ಮೊದಲೇ ಒಂದು ಉತ್ತರವಿರಲಿ.

ಇನ್ನು ಕಾಗದಗಳು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಮತ್ತು ಟಿ.ಸಿ.ಯನ್ನು ಎಲ್ಲಿ ಕೊಡುವುದಿದ್ದರೂ ಮೊದಲು ಜೆರಾಕ್ಸ್ ತೆಗೆಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಅರ್ಜಿಯೂ ಕೇಳುತ್ತದೆ, ಸಿಇಟಿಯೂ ಕೇಳುತ್ತದೆ. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಬ್ಯಾಂಕಿಗೆ ಹೋಗಿ ಜೋಡಣೆಯಾಗಿದೆಯೇ ಎಂದು ಖುದ್ದಾಗಿ ವಿಚಾರಿಸಿ. ಹಳ್ಳಿ ಶಾಲೆಯಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಿಕೊಳ್ಳಿ. ಸಿಇಟಿ ಸೀಟುಗಳಲ್ಲಿ ಇವೆರಡಕ್ಕೂ ಮೀಸಲಾತಿ ಇದೆ. ಎಷ್ಟೋ ಮಕ್ಕಳು ಅರ್ಹರಾಗಿದ್ದೂ ಆ ಕಾಲಂ ಖಾಲಿ ಬಿಡುತ್ತಾರೆ.

ಬಕೆಟ್ಟು ಅಲ್ಲೇ ಸಿಗುತ್ತದೆ. ಒಂದು ತಟ್ಟೆ, ಒಂದು ಲೋಟ, ಎರಡು ಬೀಗ, ಸೂಜಿ-ದಾರ, ಹೊದೆಯಲು ಒಂದೇ ಕಂಬಳಿ ಸಾಕು. ಅಮ್ಮಿ ಕೊಟ್ಟ ಚಕ್ಕುಲಿ ಬೇಡವೆನ್ನಬೇಡಿ. ಮೊದಲ ರಾತ್ರಿ ಡಬ್ಬಿ ತೆರೆದರೆ ಕೋಣೆಯವರ ಪರಿಚಯ ತಾನಾಗಿ ಆಗುತ್ತದೆ.

ಒಂದು ಕೆಲಸ ಕೊಡುತ್ತಿದ್ದೇನೆ. ನೀವು ಸೇರಬೇಕೆಂದಿರುವ ಕಾಲೇಜಿನಲ್ಲಿ ಈಗ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿ ಒಬ್ಬರನ್ನು ಹುಡುಕಿ, ಅವರೊಂದಿಗೆ ಮಾತಾಡಿ, ಉಳಿಯುವ ಜಾಗ ಮತ್ತು ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಯಾರೂ ಸಿಗದಿದ್ದರೆ ಖಾಲಿ ಹಾಳೆಯನ್ನೇ ತನ್ನಿ. ಸ್ಟಾಫ್ ರೂಮಿನಲ್ಲಿ ಹಳೆಯ ಹಾಜರಿ ಪುಸ್ತಕಗಳಿವೆ, ಕೂತು ಹುಡುಕೋಣ.