ಹಳೆ ಗಾಡಿಯ ಬ್ರೇಕ್: ನಾವೇ ನೋಡಿ ತಿಳಿಯೋಣ



ಬನಹಟ್ಟಿಯ ಸೀರೆ ಗಂಟು, ಮುಧೋಳ ಕಡೆಯ ಹಾಲಿನ ಕ್ಯಾನು, ಬೀಳಗಿ ಸಂತೆಗೆ ರೊಟ್ಟಿ ಬುಟ್ಟಿ, ಹೀಗೆ ನಮ್ಮ ಸಂಘಗಳ ಎಷ್ಟೋ ವ್ಯವಹಾರ ಹಳೆಯ ಎಕ್ಸ್‌ಎಲ್ ಮೊಪೆಡ್ ಮೇಲೇ ನಡೆದಿದೆ. ಸಾಲ ತೆಗೆದು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಎಂಜಿನ್ ನೋಡುತ್ತೇವೆ, ಟಯರ್ ನೋಡುತ್ತೇವೆ. ಬ್ರೇಕಿಗೆ ಬಂದರೆ ಮಾತ್ರ ‘ಹಿಡೀತೈತಿ ಬಿಡ್ರಿ’ ಅಂದು ಬಿಡುತ್ತೇವೆ.

ನಮ್ಮ ಒಂದು ಸಂಘದ ಅಕ್ಕ ಎರಡು ಗಂಟು ಹೇರಿಕೊಂಡು ಜಮಖಂಡಿ ಕಡೆ ಇಳಿಜಾರಿನಲ್ಲಿ ಬರುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂತು. ಬ್ರೇಕ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲಲಿಲ್ಲ, ಹೊಲಕ್ಕೆ ಇಳಿಸಿ ಜೀವ ಉಳಿಸಿಕೊಂಡರು. ಮೊಣಕಾಲು ಪೆಟ್ಟಾಗಿ ಎರಡು ತಿಂಗಳು ದುಡಿಮೆ ನಿಂತಿತು, ಕಂತೂ ತಪ್ಪಿತು. ಗಾಲಿ ಬಿಚ್ಚಿಸಿ ನೋಡಿದರೆ ಲೈನರ್ ಕಾಗದದಷ್ಟು ತೆಳ್ಳಗಾಗಿತ್ತು. ಆದರೆ ವಾರದ ಹಿಂದೆಯೇ ‘ಬ್ರೇಕ್ ರಿಪೇರಿ’ ಆಗಿತ್ತಂತೆ! ಆಗಿದ್ದು ಇಷ್ಟೇ: ನಟ್ ಬಿಗಿ ಮಾಡಿದ್ದರು.

ಇದನ್ನು ಸರಿಯಾಗಿ ತಿಳಿಯಬೇಕು. ಗಾಲಿಯ ನಡುವಿನ ಡ್ರಮ್ಮಿನೊಳಗೆ ಅರ್ಧಚಂದ್ರದಂಥ ಎರಡು ಶೂ ಇರುತ್ತವೆ. ಬ್ರೇಕ್ ಒತ್ತಿದಾಗ ಕ್ಯಾಮ್ ತಿರುಗಿ ಅವನ್ನು ಅಗಲಿಸುತ್ತದೆ, ಶೂ ಮೇಲಿನ ಲೈನರ್ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲುತ್ತದೆ. ಉಜ್ಜಿದಷ್ಟೂ ಲೈನರ್ ಬೀಸುಕಲ್ಲಿನಂತೆ ಸವೆಯುತ್ತದೆ. ನಟ್ ಬಿಗಿ ಮಾಡಿದರೆ ಸವೆದ ಶೂ ಡ್ರಮ್ಮಿಗೆ ಹತ್ತಿರ ಬರುತ್ತದೆ ಅಷ್ಟೇ, ಹೊಸ ಲೈನರ್ ಹುಟ್ಟುವುದಿಲ್ಲ. ತೀರಾ ಸವೆದಾಗಲೂ ಬಿಗಿಯುತ್ತಾ ಹೋದರೆ ಕ್ಯಾಮ್ ಅತಿಯಾಗಿ ತಿರುಗಿ ಗಾಲಿಯೇ ಸಿಕ್ಕಿಬೀಳಬಹುದು.

ನಟ್ ಪೂರ್ತಿ ಬಿಗಿಯಾಗುತ್ತ ಬಂದಿದ್ದರೆ, ಹಿಡಿ ಹಿಡಿಕೆಯವರೆಗೆ ಬಂದರೆ, ಕರ್ರಂತ ಸಪ್ಪಳ ಬಂದರೆ ಗಾಲಿ ಬಿಚ್ಚಿಸಿರಿ. ಲೈನರ್ ಸಾಮಾನ್ಯವಾಗಿ 2 ಮಿಲಿಮೀಟರಿಗೆ ಬಂದಿದ್ದರೆ ಎರಡೂ ಶೂ ಜೋಡಿಯಾಗಿ ಬದಲಿಸಬೇಕು, ಒಂದನ್ನಷ್ಟೇ ಅಲ್ಲ. ಸ್ಪ್ರಿಂಗ್ ಸಡಿಲಾಗಿದ್ದರೆ ಅದನ್ನೂ. ಡ್ರಮ್ಮಿನ ಒಳಗೆ ಬೆರಳಾಡಿಸಿ, ಆಳವಾದ ಗೀರು ಅಥವಾ ಅಂಚಿನಲ್ಲಿ ಏಣು ಸಿಕ್ಕರೆ ಹೊಸ ಶೂ ಕೂಡ ಸರಿಯಾಗಿ ಕೂಡುವುದಿಲ್ಲ.

ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಪುಪ್ಪುಸಕ್ಕೆ ಕೆಡುಕು. ಒದ್ದೆ ಬಟ್ಟೆಯಿಂದ ಒರೆಸಿರಿ. ಗ್ರೀಸ್ ಕ್ಯಾಮಿಗೆ ಸ್ವಲ್ಪ ಮಾತ್ರ. ಲೈನರಿಗೆ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ.

ಹೊಸ ಶೂ ಹಾಕಿದ ಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ, ಸಲೀಸಾಗಿ ತಿರುಗಬೇಕು. ಮೊದಲ ಕೆಲವು ದಿನ ನಿಧಾನ ಓಡಿಸಿರಿ, ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳಬೇಕು. 2019ರ ಏಪ್ರಿಲ್‌ನಿಂದ ಮಾರುವ ಹೊಸ ಸಣ್ಣ ಗಾಡಿಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಗಾಲಿ ಹಿಡಿಯುವ ಏರ್ಪಾಡೋ ಎಬಿಎಸ್ಸೋ ಇರಲೇಬೇಕೆಂದು ನಿಯಮ ಬಂತು. ನಮ್ಮ ಹಳೆ ಗಾಡಿಗಳಲ್ಲಿ ಇಲ್ಲ, ಆದ್ದರಿಂದ ಎರಡೂ ಬ್ರೇಕ್ ಕೂಡಿಸಿ ಒತ್ತುವ ರೂಢಿ ಇರಲಿ. ಕೃಷ್ಣೆ, ಘಟಪ್ರಭೆ ಏರಿ ರಸ್ತೆ ಮೇಲೆ ನೀರು ಬಂದಾಗ ದಾಟುವುದೇ ಬೇಡ. ಮಳೆಯಲ್ಲಿ ತೊಯ್ದ ಡ್ರಮ್ ಮಾತ್ರ ನಿಧಾನ ಹೋಗುತ್ತಾ ಬ್ರೇಕ್ ಹಗುರಾಗಿ ಒತ್ತಿದರೆ ಒಣಗುತ್ತದೆ.

ಗ್ಯಾರೇಜಿನಲ್ಲಿ ‘ಹಳೆ ಶೂ ಕೊಡ್ರಿ’ ಅಂತ ಕೇಳಿ ಇಸ್ಕೊಳ್ರಿ. ಬದಲಿಸಿದ್ದಾರೋ ಇಲ್ಲವೋ ಆಗ ಗೊತ್ತಾಗತದ. ಮುಂದಿನ ಸಭೆಗೆ ಗಾಡಿ ಇದ್ದವರು ಗಾಡಿ ತಗೊಂಡೇ ಬರ್ರಿ.