ಕಾವಲಿನ ಕೆಳಗೆ ಬೆಳೆಯುವ ಮಕ್ಕಳು
(ನಮ್ಮ ನೆರೆಯವರಾದ ಟಿಬೆಟಿನವರ ವಿಷಯವಾಗಿ ಒಂದು ಪಾಠ)

ಕಾವಲು ಎಂಬುದು ನಮ್ಮ ಸೀಮೆಯವರಿಗೆ ಹೊಸ ಮಾತಲ್ಲ. ಹೆಗ್ಗಡದೇವನಕೋಟೆಯ ಕಡೆಯಲ್ಲಿಯೂ ಹುಣಸೂರಿನ ಕಡೆಯಲ್ಲಿಯೂ ಕಾಡಿನಂಚಿನಲ್ಲಿ ಹೊಲವುಳ್ಳವರು ಆನೆ ಹಂದಿಗಳ ಭಯದಿಂದ ಅಟ್ಟಣೆಯ ಮೇಲೆ ರಾತ್ರಿಯೆಲ್ಲಾ ಎಚ್ಚರವಾಗಿ ಕೂತಿರುತ್ತಾರೆ. ಈ ಕಾವಲು ಒಳ್ಳೇದು. ಅದು ಬೆಳೆಯನ್ನು ಉಳಿಸುತ್ತದೆ. ಒಬ್ಬನಿಗೆ ನಿದ್ರೆ ಹತ್ತಿದರೆ ಪಕ್ಕದ ಹೊಲದವನು ಕೂಗಿ ಎಬ್ಬಿಸುತ್ತಾನೆ. ಆದರೆ ಇನ್ನೊಂದು ವಿಧವಾದ ಕಾವಲುಂಟು. ಅದರಲ್ಲಿ ಪಕ್ಕದವನು ಕಾಯುವದು ಕಾಡುಮೃಗವನ್ನಲ್ಲ, ನಿನ್ನನ್ನೇ. ನೀನು ಯಾರ ಸಂಗಡ ಮಾತಾಡಿದಿ, ಯಾರ ಪಟವನ್ನು ಗೋಡೆಗೆ ತಗುಲಿಸಿದಿ, ನಿನ್ನ ಮಗನು ಎಲ್ಲಿಗೆ ಹೋದನು ಎಂಬುದನ್ನು ನೋಡಿ ಅಧಿಕಾರಿಗೆ ತಿಳಿಸುವದೇ ಅವನ ಕೆಲಸ. ಇಂಥ ಕಾವಲಿನ ಕೆಳಗೆ ಹುಟ್ಟಿ ಬೆಳೆಯುವ ಯೌವನಸ್ಥರ ಸಂಗತಿಯನ್ನು ಈ ಪಾಠದಲ್ಲಿ ವಿಚಾರಿಸೋಣ. ಇದು ದೂರದೇಶದ ಸಂಗತಿಯಾದರೂ ಅದನ್ನು ಅನುಭವಿಸಿ ಬಂದವರು ನಮ್ಮ ತಾಲ್ಲೂಕುಗಳಲ್ಲಿಯೇ ವಾಸವಾಗಿದ್ದಾರೆ.

1. ಈ ನೆರೆಯವರು ಯಾರು?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯನ್ನೂ ಹುಣಸೂರು ತಾಲ್ಲೂಕಿನ ಗುರುಪುರವನ್ನೂ ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಕೆಂಪು ಕಾವಿಯ ವಸ್ತ್ರವನ್ನು ಹೊದ್ದ ಸನ್ಯಾಸಿಗಳನ್ನು ನಾವು ಬಸ್ಸಿನಲ್ಲಿಯೂ ಪೇಟೆಯಲ್ಲಿಯೂ ಕಾಣುತ್ತೇವೆ. ಅವರು ಟಿಬೆಟ್ ದೇಶದವರು. 1949ರಲ್ಲಿ ಚೀನಾ ದೇಶದ ಆಳಿಕೆ ಕಮ್ಯುನಿಸ್ಟ್ ಪಕ್ಷದ ಕೈಗೆ ಬಂತು. 1950ರಲ್ಲಿ ಅದರ ಸೈನ್ಯವು ಟಿಬೆಟನ್ನು ಹೊಕ್ಕಿತು. ಮರುವರುಷ ಮೇ ತಿಂಗಳಲ್ಲಿ ಹದಿನೇಳು ಅಂಶಗಳ ಒಡಂಬಡಿಕೆಯೊಂದು ಆಯಿತು. ಜನರ ಧರ್ಮಕ್ಕೂ ಪದ್ಧತಿಗಳಿಗೂ ಧಕ್ಕೆ ತರುವದಿಲ್ಲವೆಂದು ಅದರಲ್ಲಿ ಬರೆದಿತ್ತು. ಬರೆದದ್ದು ಬರೆದ ಹಾಗೆಯೇ ಉಳಿಯಿತು. 1959ರ ಮಾರ್ಚ್ 10ರಲ್ಲಿ ಲಾಸಾ ಪಟ್ಟಣದ ಜನರು ಎದ್ದರು; ಅವರನ್ನು ಬಲದಿಂದ ಅಡಗಿಸಲಾಯಿತು. ಅದೇ ತಿಂಗಳ ಕೊನೆಯಲ್ಲಿ ದಲಾಯಿ ಲಾಮಾ ಅವರು ಹಿಮಾಲಯವನ್ನು ದಾಟಿ ನಮ್ಮ ದೇಶವನ್ನು ಸೇರಿದರು. ಅವರ ಹಿಂದೆ ಸುಮಾರು 80,000 ಜನ ಬಂದರು.

ಆಗಿನ ಮೈಸೂರು ರಾಜ್ಯದವರು ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟರು. 1960-61ರಲ್ಲಿ ಮೊದಲನೆಯ ವಸತಿಯು ಉಂಟಾಯಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿನವರು ಇಂದಿಗೂ ಕೃತಜ್ಞತೆಯಿಂದ ನೆನಸುತ್ತಾರೆ. ತಂಪಾದ ಪರ್ವತದೇಶದಿಂದ ಬಂದವರು ನಮ್ಮ ಬಿಸಿಲಿನಲ್ಲಿ ಮರ ಕಡಿದು, ಆನೆಗಳ ಕಾಟವನ್ನು ಸಹಿಸಿ, ಮುಸುಕಿನ ಜೋಳವನ್ನು ಬೆಳೆಯುವದನ್ನು ಕಲಿತರು. 1969ರಲ್ಲಿ ಬೈಲುಕುಪ್ಪೆಯ ಎರಡನೆಯ ವಸತಿಯೂ 1972ರ ಸುಮಾರಿಗೆ ಗುರುಪುರದ ವಸತಿಯೂ ಆದವು.

ಮೊದಲು ಬಂದವರ ಮಕ್ಕಳೂ ಮೊಮ್ಮಕ್ಕಳೂ ಇಲ್ಲಿಯೇ ಹುಟ್ಟಿ ಕನ್ನಡವನ್ನು ಆಡುತ್ತಾರೆ. ಆದರೆ ಅವರ ನಡುವೆ ಇನ್ನೊಂದು ತರದವರು ಉಂಟು: 1980ರ ಈಚೆಗೆ ಬಾಲ್ಯದಲ್ಲಿಯೋ ಯೌವನದಲ್ಲಿಯೋ ಒಬ್ಬೊಬ್ಬರಾಗಿ ಹಿಮವನ್ನು ದಾಟಿ ಬಂದವರು. ಇವರ ತಂದೆತಾಯಿಗಳು ಇನ್ನೂ ಆಚೆಯಲ್ಲಿದ್ದಾರೆ. ನಮ್ಮ ಪಾಠವು ಮುಖ್ಯವಾಗಿ ಇವರ ವಿಷಯವೇ.

2. ಕಾವಲಿನ ಏರ್ಪಾಟು ಹೇಗಿರುತ್ತದೆ?

ಮೊದಮೊದಲು ಆ ಆಳಿಕೆಯು ಹೊಡೆದು ಬಡಿದು ನಡಿಸಿತು. 1966ರಿಂದ 1976ರ ವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮಠಗಳು ಹಾಳಾದವು. ಮಕ್ಕಳು ತಮ್ಮ ಗುರುಗಳ ಮೇಲೆ ಸಭೆಯಲ್ಲಿ ದೂರು ಹೇಳುವಂತೆ ಮಾಡಲ್ಪಟ್ಟರು. ಆ ಮೇಲೆ ಸ್ವಲ್ಪ ಸಡಿಲವಾಯಿತು. ಆದರೆ 1987ರಿಂದ ಲಾಸಾದಲ್ಲಿ ತಿರಿಗಿ ಪ್ರತಿಭಟನೆಗಳು ನಡೆಯಲು, 1989ರ ಮಾರ್ಚ್ ತಿಂಗಳಲ್ಲಿ ಸೈನ್ಯದ ಆಳಿಕೆಯು ಜಾರಿಗೆ ಬಂದು ವರುಷಕ್ಕೂ ಮೇಲ್ಪಟ್ಟು ಇತ್ತು. 1990ರ ದಶಕದ ಮಧ್ಯದಲ್ಲಿ ದಲಾಯಿ ಲಾಮಾ ಅವರ ಪಟವನ್ನು ಇಟ್ಟುಕೊಳ್ಳುವದೇ ತಪ್ಪೆಂದಾಯಿತು.

2008ರಲ್ಲಿ ದೇಶದ ಅನೇಕ ಕಡೆಗಳಲ್ಲಿ ಜನರು ಎದ್ದ ಮೇಲೆ ಕಾವಲಿನ ರೀತಿಯು ಬದಲಾಯಿತು. 2011ರಿಂದ 2016ರ ವರೆಗೆ ಅಲ್ಲಿ ಪಕ್ಷದ ಮುಖ್ಯಸ್ಥನಾಗಿದ್ದ ಚೆನ್ ಕ್ವಾಂಗುವೊ ಎಂಬವನ ಕಾಲದಲ್ಲಿ ಅದು ಪೂರ್ತಿಯಾಗಿ ಬೇರೂರಿತು. ಅದರ ಭಾಗಗಳು ಇವು:

ಒಂದನೆಯದು, ಪಟ್ಟಣಗಳನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ ಒಂದೊಂದಕ್ಕೂ ನೋಡಿಕೊಳ್ಳುವವರನ್ನು ನೇಮಿಸಿದರು. ಬೀದಿಗಳಲ್ಲಿ ಪೊಲೀಸ್ ಚೌಕಿಗಳನ್ನು ಕಟ್ಟಿದರು. ಟಿಬೆಟ್ ಸ್ವಾಯತ್ತ ಪ್ರಾಂತದಲ್ಲಿ ಅವು 600ಕ್ಕೂ ಹೆಚ್ಚಾದವು. ಅವುಗಳಲ್ಲಿ ಕುಡಿಯುವ ನೀರೂ ಫೋನಿಗೆ ವಿದ್ಯುತ್ತೂ ದೊರೆಯುತ್ತವೆ. ಕಣ್ಣಿಡುವ ಯಂತ್ರಗಳೂ ಅಲ್ಲಿಯೇ ಇರುತ್ತವೆ.

ಎರಡನೆಯದು, 2011ರಿಂದ 20,000ಕ್ಕೂ ಹೆಚ್ಚು ಪಕ್ಷದ ನೌಕರರನ್ನು 5,000ಕ್ಕೂ ಹೆಚ್ಚು ಹಳ್ಳಿಗಳಿಗೆ ಕಳುಹಿಸಿ ಅಲ್ಲಿಯೇ ವಾಸಮಾಡಿಸಿದರು. ಅವರು ಬಡವರಿಗೆ ಸಹಾಯವನ್ನೂ ಮಾಡುತ್ತಾರೆ, ಮನೆಮನೆಯ ವರ್ತಮಾನವನ್ನೂ ಬರಕೊಳ್ಳುತ್ತಾರೆ.

ಮೂರನೆಯದೇ ಎಲ್ಲಕ್ಕಿಂತ ಕಠಿಣವಾದದ್ದು. ಐದರಿಂದ ಹತ್ತು ಮನೆಗಳನ್ನು ಒಂದು ಗುಂಪಾಗಿ ಕಟ್ಟಿ, ಅದಕ್ಕೆ ಒಬ್ಬ ಮುಖಂಡನನ್ನು ಇಟ್ಟು, ಗುಂಪಿನವರು ಒಬ್ಬರಿಗೊಬ್ಬರು ಹೊಣೆಯೆಂದು ಮಾಡಿದರು. ಬಡತನದಿಂದ ಮೇಲೇಳುವದಕ್ಕೂ ಇದೇ ಗುಂಪು, ಪರಸ್ಪರ ಕಾಯುವದಕ್ಕೂ ಇದೇ ಗುಂಪು. ಇದರಿಂದ ಏನಾಗುತ್ತದೆ? ಒಬ್ಬನ ಮಗನು ಒಂದು ಮಾತನ್ನು ಆಡಿದರೆ ಅದರ ಭಾರವು ನೆರೆಯವರ ಮೇಲೂ ಬೀಳುತ್ತದೆ. ಆಗ ನೆರೆಯವನು ದುಷ್ಟನಾಗಿಯಲ್ಲ, ತನ್ನ ಮಕ್ಕಳನ್ನು ಉಳಿಸಿಕೊಳ್ಳುವದಕ್ಕಾಗಿಯೇ ದೂರು ಹೇಳುತ್ತಾನೆ. ಇದನ್ನು ಚೆನ್ನಾಗಿ ಗಮನಿಸಿರಿ. ಇಂಥ ಆಳಿಕೆಯ ಬಲವು ಬಂದೂಕಿನಲ್ಲಿ ಮಾತ್ರವೇ ಇಲ್ಲ. ನೆರೆಯವರ ನಡುವೆ ಇದ್ದ ನಂಬಿಕೆಯನ್ನು ಮುರಿಯುವದರಲ್ಲಿ ಇದೆ.

3. ಯೌವನಸ್ಥರ ಮೇಲೆ ಬೀಳುವ ಭಾರ

ಹಳಬರಿಗೆ ಹಿಂದಿನ ದಿನಗಳ ನೆನಪಾದರೂ ಇರುತ್ತದೆ. ಮಕ್ಕಳಿಗೆ ಅದೂ ಇಲ್ಲ. ಆದಕಾರಣ ಆಳುವವರು ಮಕ್ಕಳ ಮೇಲೆಯೇ ಹೆಚ್ಚಾಗಿ ಕಣ್ಣಿಡುತ್ತಾರೆ. ಲಾಸಾದ ಶಾಲೆಗಳವರು ರಜೆಯ ಕಾಲದಲ್ಲಿ ಮಕ್ಕಳನ್ನು ಮಠಗಳಿಗೆ ಕರಕೊಂಡು ಹೋಗಬಾರದೆಂದು ತಂದೆತಾಯಿಗಳಿಗೆ ಆಜ್ಞಾಪತ್ರ ಕಳುಹಿಸಿದ್ದುಂಟು. ಸುಮಾರು ಹತ್ತು ಲಕ್ಷ ಟಿಬೆಟ್ ಮಕ್ಕಳು ಮನೆಯಿಂದ ದೂರವಾಗಿ ಸರಕಾರದ ವಸತಿಶಾಲೆಗಳಲ್ಲಿ ಚೀನೀ ಭಾಷೆಯಲ್ಲಿ ಕಲಿಯುತ್ತಿದ್ದಾರೆಂದು ವಿಶ್ವಸಂಸ್ಥೆಯ ತಜ್ಞರು 2023ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಮಕ್ಕಳನ್ನು ಬಲವಂತದಿಂದ ಸೇರಿಸುತ್ತಾರೆಂಬುದನ್ನು ಚೀನಾ ಸರಕಾರವು ಒಪ್ಪುವದಿಲ್ಲ. ಊರುಗಳು ದೂರ ದೂರವಿರುವದರಿಂದ ವಸತಿಶಾಲೆ ಅಗತ್ಯವೆಂದೂ, ತಾವು ರಸ್ತೆಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿದ್ದೇವೆಂದೂ ಹೇಳುತ್ತದೆ. ರಸ್ತೆಗಳನ್ನು ಕಟ್ಟಿರುವದು ನಿಜ. ಆದರೆ ತಾಯಿಯ ಭಾಷೆಯಲ್ಲಿ ತಾಯಿಯ ಸಂಗಡ ಮಾತಾಡಲು ತಡವರಿಸುವ ಮಗುವಿಗೆ ಆ ರಸ್ತೆಯಿಂದ ಏನು ಸಮಾಧಾನ?

ಈಗ ನಾಲ್ಕು ಮಂದಿಯ ಸಂಗತಿಯನ್ನು ಹೇಳುತ್ತೇವೆ. ಇವರ ಹೆಸರುಗಳು ಲೋಕಕ್ಕೆಲ್ಲಾ ತಿಳಿದವುಗಳೇ.

ನವಾಂಗ್ ಸಾಂಗ್ಡ್ರೋಲ್ ಎಂಬಾಕೆಯು ಒಬ್ಬ ಸನ್ಯಾಸಿನಿ. 1990ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಲಾಸಾದಲ್ಲಿ ಸ್ವಾತಂತ್ರ್ಯದ ಕೂಗನ್ನು ಕೂಗಿದ್ದಕ್ಕಾಗಿ ಸೆರೆಗೆ ಬಿದ್ದಳು. ಬಿಡುಗಡೆಯಾಗಿ 1992ರಲ್ಲಿ ಪುನಃ ಹಿಡಿಯಲ್ಪಟ್ಟಳು. 1993ರಲ್ಲಿ ಆಕೆಯೂ ಇನ್ನು ಹದಿಮೂರು ಮಂದಿ ಸನ್ಯಾಸಿನಿಯರೂ ದ್ರಾಪ್ಚಿ ಎಂಬ ಸೆರೆಮನೆಯೊಳಗೆ ಗುಟ್ಟಾಗಿ ಹಾಡುಗಳನ್ನು ಹಾಡಿ ಯಂತ್ರದಲ್ಲಿ ತುಂಬಿಸಿ ಹೊರಗೆ ಕಳುಹಿಸಿದರು. ಹಾಡಿದ್ದಕ್ಕಾಗಿ ಅವರ ಶಿಕ್ಷೆಯು ಹೆಚ್ಚಿತು. ಆಕೆಯ ಶಿಕ್ಷೆಯಂತೂ ಮತ್ತೆ ಮತ್ತೆ ಬೆಳೆಯಿತು. 2002ರಲ್ಲಿ ಬಿಡುಗಡೆ ಹೊಂದುವಷ್ಟರಲ್ಲಿ ಆಕೆಯ ಯೌವನವೆಲ್ಲಾ ಸೆರೆಮನೆಯಲ್ಲಿ ಕಳೆದಿತ್ತು.

ಗೆಧುನ್ ಚೋಕಿ ನ್ಯಿಮಾ ಎಂಬ ಬಾಲಕನು 1989ರಲ್ಲಿ ಹುಟ್ಟಿದವನು. 1995ರ ಮೇ 14ರಲ್ಲಿ ದಲಾಯಿ ಲಾಮಾ ಅವರು ಆತನನ್ನು ಪಂಚೇನ್ ಲಾಮಾ ಎಂದು ಪ್ರಕಟಿಸಿದರು. ಮೂರೇ ದಿನಗಳಲ್ಲಿ ಅಧಿಕಾರಿಗಳು ಆತನನ್ನೂ ತಂದೆತಾಯಿಗಳನ್ನೂ ಕರಕೊಂಡು ಹೋದರು. ಆಗ ಆತನಿಗೆ ಆರು ವರುಷ. ಆತನು ಓದು ಮುಗಿಸಿ ಕೆಲಸದಲ್ಲಿದ್ದಾನೆಂದು 2020ರಲ್ಲಿ ಚೀನಾ ಸರಕಾರದವರು ಹೇಳಿದರು. ಆದರೆ ಹೊರಗಿನವರು ಯಾರೂ ಆತನ ಮುಖವನ್ನು ನೋಡಿಲ್ಲ. ಪಂಚೇನ್ ಲಾಮಾ ಅವರ ಪೀಠವಾದ ತಾಶಿ ಲುನ್ಪೊ ಮಠದ ಹೆಸರಿನಲ್ಲಿ 1972ರಲ್ಲಿ ಸ್ಥಾಪಿತವಾದ ಮಠವು ನಮ್ಮ ಬೈಲುಕುಪ್ಪೆಯಲ್ಲಿಯೇ ಇದೆ. ಪೀಠದಲ್ಲಿ ಕೂತುಕೊಳ್ಳಬೇಕಾದವನು ಮಾತ್ರ ಇಲ್ಲ.

ಕೆಲ್ಸಾಂಗ್ ನಾಮ್ತ್ಸೊ ಎಂಬಾಕೆಗೆ ಹದಿನೇಳು ವರುಷ. 2006ರ ಸೆಪ್ಟೆಂಬರ್ 30ರಲ್ಲಿ ಸುಮಾರು 75 ಮಂದಿಯ ಗುಂಪಿನ ಸಂಗಡ ನಾಂಗ್ಪಾ ಲಾ ಎಂಬ ಹಿಮದ ಕಣಿವೆಯನ್ನು ದಾಟುತ್ತಿರುವಾಗ ಗಡಿಯ ಕಾವಲುಗಾರರು ಗುಂಡು ಹಾರಿಸಿದರು. ಆಕೆಯು ಹಿಮದ ಮೇಲೆಯೇ ಸತ್ತಳು. ತಮ್ಮ ಮೇಲೆ ಬಿದ್ದವರನ್ನು ತಡೆದೆವೆಂದು ಸರಕಾರದವರು ಹೇಳಿದರು. ಆದರೆ ಬೆಟ್ಟ ಹತ್ತಲು ಬಂದಿದ್ದ ಪರದೇಶದವನೊಬ್ಬನು ತೆಗೆದ ಚಿತ್ರದಲ್ಲಿ, ಸಾಲಾಗಿ ನಡೆದು ಹೋಗುತ್ತಿದ್ದವರ ಮೇಲೆ ಗುಂಡು ಹಾರಿದ್ದನ್ನು ಲೋಕವೆಲ್ಲಾ ಕಂಡಿತು.

ತಾಶಿ ವಾಂಗ್ಚುಕ್ ಎಂಬವನು ಅಂಗಡಿಯವನು. ತನ್ನ ಊರಿನ ಮಕ್ಕಳಿಗೆ ಟಿಬೆಟ್ ಭಾಷೆಯನ್ನು ಕಲಿಸಬೇಕೆಂದು, ಚೀನಾ ದೇಶದ ಕಾಯಿದೆಯನ್ನೇ ಹಿಡಿದು, ಅಮೇರಿಕದ ಪತ್ರಿಕೆಯೊಂದಕ್ಕೆ ಹೇಳಿದನು. 2016ರ ಜನವರಿಯಲ್ಲಿ ಹಿಡಿಯಲ್ಪಟ್ಟು ಐದು ವರುಷ ಸೆರೆಯಲ್ಲಿದ್ದನು.

2008ಕ್ಕೆ ಮುಂಚೆ ವರುಷಕ್ಕೆ ಎರಡು ಮೂರು ಸಾವಿರ ಮಂದಿ ಟಿಬೆಟಿನಿಂದ ಹೊರಟು ಬರುತ್ತಿದ್ದರು. ಈಚಿನ ವರುಷಗಳಲ್ಲಿ ಅವರ ಸಂಖ್ಯೆಯು ನೂರನ್ನೂ ಮುಟ್ಟುವದಿಲ್ಲ. ಕಷ್ಟವು ತೀರಿತೆಂದಲ್ಲ, ದಾರಿಯು ಮುಚ್ಚಿತು.

4. ನಮ್ಮ ನೆರೆಯವರ ಮೌನ

ಈಗ ಪಾಠದ ಮುಖ್ಯ ಮಾತಿಗೆ ಬರೋಣ. ಟಿಬೆಟಿನಿಂದ ಬಂದ ಯೌವನಸ್ಥನೊಬ್ಬನನ್ನು ‘ನಿನ್ನ ಊರು ಯಾವದು? ತಂದೆಯ ಹೆಸರೇನು? ಮನೆಯಲ್ಲಿ ಯಾರು ಯಾರಿದ್ದಾರೆ?’ ಎಂದು ಕೇಳಿದರೆ ಅವನು ನಕ್ಕು ಸುಮ್ಮನಾಗಬಹುದು. ನಮ್ಮ ಹಳ್ಳಿಗಳಲ್ಲಿ ಇವು ಪ್ರೀತಿಯಿಂದ ಕೇಳುವ ಮಾತುಗಳು. ಉತ್ತರ ಕೊಡದವನನ್ನು ಗರ್ವಿಷ್ಠನೆಂದು ಎಣಿಸುತ್ತೇವೆ. ಆದರೆ ಪರದೇಶದಲ್ಲಿರುವ ಸಂಬಂಧಿಕರ ಸಂಗಡ ಮಾತಾಡಿದರೆಂಬ ಕಾರಣಕ್ಕಾಗಿ ಅಲ್ಲಿ ಜನರನ್ನು ಕರೆದು ವಿಚಾರಿಸುತ್ತಾರೆ, ಕೆಲವರನ್ನು ಸೆರೆಗೆ ಹಾಕಿದ್ದಾರೆ. ದಾರಿಯಲ್ಲಿ ನಿಲ್ಲಿಸಿ ಫೋನನ್ನು ತೆಗೆದು ನೋಡುತ್ತಾರೆ. ಹೀಗಿರುವದರಿಂದ ಇಲ್ಲಿರುವ ಅನೇಕ ಮಕ್ಕಳು ತಾಯಿಯ ಧ್ವನಿಯನ್ನು ಕೇಳದೆ ವರುಷಗಳನ್ನು ಕಳೆಯುತ್ತಾರೆ. ಅವರ ಮೌನವು ಗರ್ವವಲ್ಲ. ಅದು ತಾಯಿಯ ಮನೆಯ ಬಾಗಿಲಿಗೆ ಹಾಕಿದ ಅಗುಳಿ.

ಆದದರಿಂದ ಮೂರು ಬುದ್ಧಿಮಾತುಗಳನ್ನು ಹೇಳುತ್ತೇವೆ. ಅವರ ಮನೆಯವರ ಹೆಸರನ್ನೂ ಊರನ್ನೂ ಬಲವಂತವಾಗಿ ಕೇಳಬೇಡಿರಿ. ಅಪ್ಪಣೆಯಿಲ್ಲದೆ ಅವರ ಚಿತ್ರವನ್ನು ತೆಗೆದು ಫೋನಿನಲ್ಲಿ ಊರೂರಿಗೆ ಹರಡಬೇಡಿರಿ. ಇಲ್ಲಿ ಆಟವಾಗಿರುವದು ಅಲ್ಲಿ ಸಾಕ್ಷಿಯಾಗಬಹುದು. ಅವರಾಗಿಯೇ ಹೇಳಿದ್ದನ್ನು ಕೇಳಿರಿ, ಕೇಳಿದ್ದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ.

5. ಬೇರೊಂದು ದೇಶದ ಸಾಕ್ಷಿ

ಇಂಥ ಕಾವಲು ನಮ್ಮ ಮತದವರಿಗೂ ಹೊಸದಲ್ಲ. ಪೂರ್ವ ಜರ್ಮನಿಯಲ್ಲಿ 1949ರಿಂದ 40 ವರುಷ ಕಮ್ಯುನಿಸ್ಟ್ ಪಕ್ಷವು ಆಳಿತು. 1953ರಲ್ಲಿ ಅಲ್ಲಿಯ ಪ್ರೊಟೆಸ್ಟಂಟ್ ಸಭೆಗಳ ಯುವಕಸಂಘಗಳಿಗೆ ಸೇರಿದ ಅನೇಕ ಹುಡುಗ ಹುಡುಗಿಯರನ್ನು ಶಾಲೆಯಿಂದ ಹೊರಗೆ ಹಾಕಿದರು. 1989ರಲ್ಲಿ ಆ ದೇಶದ ಗುಪ್ತ ಪೊಲೀಸ್ ಇಲಾಖೆಗೆ ಸುಮಾರು 91,000 ನೌಕರರೂ, ಅವರ ಹೊರತಾಗಿ ಒಂದೂವರೆ ಲಕ್ಷಕ್ಕೂ ಹೆಚ್ಚು ಗುಟ್ಟಾಗಿ ವರ್ತಮಾನ ಕೊಡುವವರೂ ಇದ್ದರು. ಸಭಾಪಾಲಕರಲ್ಲಿಯೂ ಅಂಥವರು ಸಿಕ್ಕಿದರು. ಆದರೂ ಲೈಪ್ಜಿಗ್ ಪಟ್ಟಣದ ದೇವಾಲಯದಲ್ಲಿ ಸೋಮವಾರದ ಪ್ರಾರ್ಥನೆಗೆ ಕೂಡಿದವರು ದೀಪಗಳನ್ನು ಹಿಡಿದು ಬೀದಿಗೆ ಬಂದರು. ಆ ವರುಷದ ನವೆಂಬರ್ 9ರಲ್ಲಿ ಬರ್ಲಿನಿನ ಗೋಡೆಯ ಬಾಗಿಲುಗಳು ತೆರೆದವು. 1992ರಲ್ಲಿ ಜನರು ತಮ್ಮ ಮೇಲೆ ಬರೆದಿಟ್ಟ ಕಡತಗಳನ್ನು ತಾವೇ ಓದಿದರು. ಸ್ನೇಹಿತನೇ ದೂರು ಹೇಳಿದ್ದನ್ನು ಕೆಲವರು ಕಂಡು ಅತ್ತರು. ಎಷ್ಟು ಕೇಳಿದರೂ ಬಾಯಿಬಿಡದೆ ಇದ್ದ ನೆರೆಯವರೂ ಇದ್ದರೆಂದು ಆಗ ತಿಳಿಯಿತು.

ಇದರಿಂದ ಎರಡು ಸಂಗತಿಗಳನ್ನು ತಿಳಿಯಬಹುದು. ಎಂಥ ಕಾವಲಾದರೂ ನಿತ್ಯವಲ್ಲ. ಮತ್ತು ಅದು ಇರುವಾಗ ನೆರೆಯವನ ಮಾತನ್ನು ಬಚ್ಚಿಡುವ ಒಬ್ಬ ಸಾಮಾನ್ಯ ಮನುಷ್ಯನೂ ಅದರ ಗೋಡೆಯಿಂದ ಒಂದು ಕಲ್ಲನ್ನು ಕೀಳುತ್ತಾನೆ.

ಇದನ್ನು ಓದಿ ಚೀನೀ ಜನರನ್ನು ಹಗೆಮಾಡಬಾರದು. ಅವರ ಮಕ್ಕಳೂ ಇದೇ ಕಣ್ಣುಗಳ ಕೆಳಗೆ ಬೆಳೆಯುತ್ತಾರೆ. 1989ರ ಜೂನ್ ತಿಂಗಳಲ್ಲಿ ಪೀಕಿಂಗ್ ಪಟ್ಟಣದಲ್ಲಿ ಗುಂಡಿಗೆ ಬಿದ್ದ ವಿದ್ಯಾರ್ಥಿಗಳು ಅವರ ಮಕ್ಕಳೇ. ನಮ್ಮ ಊರುಗಳನ್ನೂ ಪರೀಕ್ಷಿಸಿಕೊಳ್ಳೋಣ. ಯಾರು ಯಾರ ಮನೆಗೆ ಹೋದರು, ಯಾರ ಮಗಳು ಯಾರ ಸಂಗಡ ಮಾತಾಡಿದಳು ಎಂದು ಜಗಲಿಯ ಮೇಲೆ ಕೂತು ಲೆಕ್ಕ ಇಡುವವರೂ, ಅದನ್ನು ದೊಡ್ಡವರ ಕಿವಿಗೆ ಹಾಕಿ ಲಾಭ ಪಡೆಯುವವರೂ ನಮ್ಮಲ್ಲಿ ಇಲ್ಲವೇ? ಹೊಸದಾಗಿ ಸಭೆಗೆ ಸೇರಿದವರ ಮೇಲೆ ಊರೆಲ್ಲಾ ಕಣ್ಣಿಟ್ಟ ದಿನಗಳನ್ನು ನಮ್ಮ ಹಿರಿಯರು ಅನುಭವಿಸಿದ್ದಾರೆ. ಆ ನೋವನ್ನು ಬಲ್ಲವರು ಅದನ್ನು ಇನ್ನೊಬ್ಬರಿಗೆ ಮಾಡುವದು ಹೇಗೆ?

ಪ್ರಶ್ನೆಗಳು (ಮನೆಯವರು ಕೂಡಿ ವಿಚಾರಿಸತಕ್ಕವು)

1. ಹೊಲದ ಕಾವಲಿಗೂ ಈ ಪಾಠದಲ್ಲಿ ಹೇಳಿದ ಕಾವಲಿಗೂ ಇರುವ ಭೇದವೇನು?
2. ಮನೆಗಳನ್ನು ಗುಂಪಾಗಿ ಕಟ್ಟಿ ಒಬ್ಬರಿಗೊಬ್ಬರನ್ನು ಹೊಣೆಮಾಡಿದರೆ ಒಳ್ಳೆಯವನೂ ಯಾಕೆ ದೂರು ಹೇಳುತ್ತಾನೆ?
3. ಆಳುವವರು ಮಕ್ಕಳ ಮೇಲೆ ಹೆಚ್ಚಾಗಿ ಕಣ್ಣಿಡುವದು ಯಾಕೆ?
4. ಬೈಲುಕುಪ್ಪೆಯ ಅಥವಾ ಗುರುಪುರದ ಯೌವನಸ್ಥನು ತನ್ನ ಮನೆಯ ಸಂಗತಿಯನ್ನು ಹೇಳದಿದ್ದರೆ ನಾವು ಹೇಗೆ ನಡಕೊಳ್ಳಬೇಕು?
5. ನೆರೆಯವನ ವಿಷಯವಾಗಿ ನನಗೆ ತಿಳಿದಿರುವ ಯಾವ ಮಾತನ್ನು ನಾನು ಯಾರಿಗೂ ಹೇಳದೆ ಇರಬೇಕು? (ಇದಕ್ಕೆ ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿಯೇ ಉತ್ತರ ಹೇಳಿಕೊಳ್ಳಲಿ.)