ಕೇಳುವ ಕಿವಿಗೂ ಕಟ್ಟಳೆ ಬೇಕು

ಬಂಗಾರಪೇಟೆ

ಚಿರಂಜೀವಿ ಪುಟ್ಟನಿಗೆ,

ದಿನಾ ಮಾರಿಕುಪ್ಪಂ ರೈಲಿನ ನೂಕುನುಗ್ಗಲಿನಲ್ಲಿ ವೈಟ್‌ಫೀಲ್ಡಿಗೆ ಹೋಗಿಬರುವುದು ತಪ್ಪಿ, ಆಫೀಸಿನ ಹತ್ತಿರವೇ ರೂಮು ಸಿಕ್ಕಿತಲ್ಲ, ಸಂತೋಷ. ಹೊತ್ತುಹೊತ್ತಿಗೆ ಊಟ ಮಾಡು.

ಭಾನುವಾರ ಫೋನಿನಲ್ಲಿ ನೀನು, "ಸರ್ಕಾರ ಟೆಕ್ ಕಂಪನಿಗಳ ತಂಟೆಗೇ ಬರಬಾರದು ಅಜ್ಜಿ" ಎಂದೆ. ಪಕ್ಕದಲ್ಲೇ ಇದ್ದ ನಿನ್ನ ತಂಗಿ, ಈ ಕಂಪನಿಗಳ ಮೂಗುದಾರ ಪೂರ್ತಿ ಸರ್ಕಾರದ ಕೈಯಲ್ಲೇ ಇರಬೇಕು ಎಂದು ವಾದಕ್ಕೆ ನಿಂತಳು. ಇಬ್ಬರ ಮಾತಿನಲ್ಲೂ ನಿಜವಿದೆ. ಇಬ್ಬರೂ ಅರ್ಧ ದಾರಿಗೇ ನಿಂತಿದ್ದೀರಿ. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರಾಗಿದ್ದವಳು ನಾನು. ನನಗೆ ತಿಳಿದ ಮಟ್ಟಿಗೆ ಉಳಿದರ್ಧ ದಾರಿಯನ್ನು ಹೇಳುತ್ತೇನೆ, ಸಮಾಧಾನವಾಗಿ ಓದು.

ಟ್ರಂಕ್ ಕಾಲ್ ಕಾಲದಲ್ಲಿ ಊರಿನ ಗುಟ್ಟೆಲ್ಲ ನಮ್ಮ ಬೋರ್ಡಿನ ಮೂಲಕವೇ ಹಾದುಹೋಗುತ್ತಿತ್ತು. ಮಂಡಿ ವ್ಯಾಪಾರಿಯ ಧಾರಣೆ, ಹೆಣ್ಣು ನೋಡಿ ಹೋದವರ ಉತ್ತರ, ಕೆಜಿಎಫ್‌ನಿಂದ ಬರುವ ಸಾವಿನ ಸುದ್ದಿ, ಎಲ್ಲವೂ. ಕೀ ಒತ್ತಿ ಹಿಡಿದರೆ ಮಾತು ಕಿವಿಗೆ ಬೀಳುತ್ತಿತ್ತು. ಆದರೆ ಕೇಳಿದ್ದನ್ನು ಆಚೆ ಹೇಳಿದರೆ 1885ರ ಟೆಲಿಗ್ರಾಫ್ ಕಾಯ್ದೆಯ 26ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ಬ್ರಿಟಿಷರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕಾಯ್ದೆ ಅದು, ಆದರೂ ಆ ಒಂದು ಕಲಂ ನ್ಯಾಯವಾದದ್ದು. ಜನರ ಮಾತು ಯಾರ ಕೈ ದಾಟಿ ಹೋಗುತ್ತದೋ ಅವರಿಗೆ ಕಟ್ಟುಪಾಡು ಇರಬೇಕು ಎಂಬುದು ಅದರ ತಿರುಳು. ಸಣ್ಣ ಸಂಬಳದ ಆಪರೇಟರಿಗೆ ಅಂಥ ಕಟ್ಟುಪಾಡು ಹಾಕಿದ ದೇಶ, ಕೋಟ್ಯಂತರ ಜನರ ಮಾತು, ಓಡಾಟ, ಖರೀದಿ, ಕಾಯಿಲೆ ಎಲ್ಲವನ್ನೂ ಬಲ್ಲ ಕಂಪನಿಗೆ "ನಿನ್ನಿಷ್ಟ" ಎನ್ನಬಹುದೇ?

ಹಾಗೆಂದು ಎಲ್ಲವನ್ನೂ ಸರ್ಕಾರದ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತು. ಒಂದು ಫೋನ್ ಕನೆಕ್ಷನ್‌ಗೆ ಅರ್ಜಿ ಹಾಕಿ ಜನ ವರ್ಷಗಟ್ಟಲೆ ಕಾದ ಕಾಲ ಅದು. ಸೇವೆ ಕೊಡುವುದೂ ಸರ್ಕಾರ, ದರ ಕಟ್ಟುವುದೂ ಸರ್ಕಾರ, ದೂರು ಕೇಳುವುದೂ ಸರ್ಕಾರ. ಖಾಸಗಿಯವರು ಬಂದ ಮೇಲೆ 1997ರಲ್ಲಿ ದೂರಸಂಪರ್ಕದ ನಿಯಮ ನೋಡಿಕೊಳ್ಳುವ ಟ್ರಾಯ್ ಹುಟ್ಟಿತು, 2000ದಲ್ಲಿ ವ್ಯಾಜ್ಯ ತೀರ್ಮಾನಕ್ಕೆ ಬೇರೆಯೇ ನ್ಯಾಯಮಂಡಳಿ ಬಂತು, ಅದೇ ವರ್ಷ ಅಕ್ಟೋಬರ್ 1ರಂದು ನಮ್ಮ ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಕಂಪನಿಯ ಪಾಲಾದವು. ಸೇವೆ ಮಾರುವವರು ಬೇರೆ, ನಿಯಮ ನೋಡಿಕೊಳ್ಳುವವರು ಬೇರೆ ಆದ ಮೇಲೆಯೇ ಸಾಮಾನ್ಯ ಜನರ ಕೈಗೆ ಫೋನ್ ಬಂದದ್ದು.

ನಿಯಮ ಬಂದರೆ ಕೆಲಸ ನಿಲ್ಲುತ್ತದೆ ಎನ್ನುತ್ತೀಯಲ್ಲ, ಈ ಎರಡನ್ನು ನೋಡು. 2016ರ ಫೆಬ್ರವರಿ 8ರಂದು ಟ್ರಾಯ್, ಒಂದು ವೆಬ್‌ಸೈಟಿಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಹಾಕುವಂತಿಲ್ಲ ಎಂದು ನಿಷೇಧಿಸಿತು. ಆಯ್ದ ಕೆಲವು ವೆಬ್‌ಸೈಟುಗಳನ್ನಷ್ಟೇ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಆಗ ಇಲ್ಲಿಂದ ಕಾಲ್ತೆಗೆಯಬೇಕಾಯಿತು. ಅದಕ್ಕೂ ಮೊದಲು, ಇಂಥ ಭೇದ ಬೇಡವೆಂದು, ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಜನರಿಂದ ಟ್ರಾಯ್‌ಗೆ ಹೋಗಿದ್ದವು. ಬೆಂಗಳೂರಿನ ಸಣ್ಣ ಕಂಪನಿಯೂ ದೊಡ್ಡವರ ಸಮಕ್ಕೆ ಜನರನ್ನು ತಲುಪಲು ಸಾಧ್ಯವಾದದ್ದರಲ್ಲಿ ಆ ನಿಯಮದ ಪಾಲಿದೆ. ಎರಡನೆಯದು ನಮ್ಮ ಬೀದಿಗೇ ಸಂಬಂಧಿಸಿದ್ದು. ಇಲ್ಲಿನ ಎಷ್ಟೋ ಹಿರಿಯರ ಹತ್ತಿರ ಇರುವುದು ಕೀಪ್ಯಾಡ್ ಫೋನ್. ಅವರಿಗೆ ಡೇಟಾ ಬೇಡ, ಆದರೂ ಡೇಟಾ ಸೇರಿಸಿಯೇ ರೀಚಾರ್ಜ್ ಮಾಡಿಸಬೇಕಿತ್ತು. ಬರೀ ಮಾತು, ಮೆಸೇಜಿಗಷ್ಟೇ ಬೇರೆ ಪ್ಯಾಕ್ ಕೊಡಲೇಬೇಕು ಎಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು. ಅಲ್ಲಿಯವರೆಗೆ ಆ ಹಿರಿಯರ ಪರವಾಗಿ ಮಾರುಕಟ್ಟೆ ತಾನಾಗಿ ಮಾತಾಡಿರಲಿಲ್ಲ.

ಇನ್ನು ನಿನ್ನ ತಂಗಿಗೆ ಹೇಳಬೇಕಾದ್ದು. ನಮ್ಮ ರಾಜ್ಯದಲ್ಲೇ, 1988ರ ಆಗಸ್ಟ್‌ನಲ್ಲಿ, ಟೆಲಿಫೋನ್ ಕದ್ದಾಲಿಕೆಯ ಆರೋಪ ಹೊತ್ತು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಕಿವಿಗೊಟ್ಟು ಕೇಳುವ ಆಸೆ ಕಂಪನಿಗೆ ಮಾತ್ರ ಇರುವುದಲ್ಲ, ಕುರ್ಚಿಗೂ ಇರುತ್ತದೆ. ಎಂಟು ವರ್ಷದ ನಂತರ, 1996ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಬೇಲಿ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಫೋನ್ ಕದ್ದಾಲಿಸಬಾರದು, ಆದೇಶಕ್ಕೆ ಅವಧಿ ಇರಬೇಕು, ಪರಿಶೀಲನೆಗೆ ಸಮಿತಿ ಇರಬೇಕು. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕಾಯ್ದೆ ಹೊಸದಾದರೂ ಆ ಬೇಲಿ ಗಟ್ಟಿಯಾಗಿಯೇ ಇರಬೇಕು.

ಜನರ ಮಾಹಿತಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಕೆಜಿಎಫ್ ಗಣಿ ಕಾರ್ಮಿಕರು ನಿಮಗಿಂತ ಎಷ್ಟೋ ಮೊದಲೇ ಎದುರಿಸಿದ್ದರು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಊರು ಅದು; ಆ ಕಾಲದ ಅತಿ ಹೊಸ ತಂತ್ರಜ್ಞಾನವೆಲ್ಲ ಅಲ್ಲಿತ್ತು. ಅಲ್ಲಿ 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟಾಗ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಸುಮಾರು ಮೂರು ವಾರ ಮುಷ್ಕರ ನಡೆಯಿತು. ಅವರಲ್ಲಿ ಬಹುಪಾಲು ಜನ ಓದು ಬಾರದವರು. ತಮ್ಮ ಬೆರಳಿನ ಗುರುತು ಯಾರದೋ ಕಪಾಟಿನಲ್ಲಿದ್ದರೆ ತಮ್ಮ ಬದುಕಿನ ಜುಟ್ಟೂ ಅವರ ಕೈಯಲ್ಲೇ ಎಂಬುದು ಅವರಿಗೆ ಗೊತ್ತಿತ್ತು. ಖಾಸಗಿತನ ಶ್ರೀಮಂತರ ಶೋಕಿ ಎಂದು ಯಾರಾದರೂ ಹೇಳಿದರೆ ಈ ಕಥೆ ಹೇಳು, ಪುಟ್ಟ.

ಅದೇ ಬೆರಳಚ್ಚಿನ ಪ್ರಶ್ನೆಯನ್ನು, ಆಧಾರ್ ವಿಷಯದಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ದಾರಿಯಾದದ್ದು ಆ ತೀರ್ಪು. ಜನರ ಮಾಹಿತಿಯನ್ನು ಕಾಪಾಡದ ಕಂಪನಿಗೆ ಅದರಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ, ಅದನ್ನು ಮೆಚ್ಚುತ್ತೇನೆ. ಆದರೆ ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು, ಈ ಕಾಯ್ದೆಯ ಜಾರಿ ನೋಡಿಕೊಳ್ಳುವ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಸರ್ಕಾರವೇ. ಇದನ್ನು ನಾನು ಒಪ್ಪುವುದಿಲ್ಲ. ಕಂಪನಿಯನ್ನು ಕಟ್ಟುವ ಹಗ್ಗ ಸರ್ಕಾರದ ಕೈ ಮುಟ್ಟಿದ ಕೂಡಲೇ ಸಡಿಲವಾಗಬಾರದು.

ಮಾತಿನ ಸ್ವಾತಂತ್ರ್ಯದಲ್ಲೂ ಹಾಗೆಯೇ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ತಂದಾಗ ತಾತಯ್ಯ ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಇಂದಿನ ಜಗಳ, ಬರಹ ತೆಗೆಸುವ ಸರ್ಕಾರದ ಆದೇಶಗಳ ವಿರುದ್ಧ ಎಕ್ಸ್ ಕಂಪನಿ ಹೂಡಿದ್ದು. ಅದು ನಮ್ಮ ಹೈಕೋರ್ಟಿಗೆ ಎರಡು ಬಾರಿ ಬಂತು. 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ಅರ್ಜಿ ವಜಾ ಆಯಿತು. ಅಂಥ ಆದೇಶ ಕಳಿಸಲು ಸರ್ಕಾರ ಮಾಡಿದ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ಈ ನೆಲದಲ್ಲಿ ವ್ಯಾಪಾರ ಮಾಡುವವರು ಈ ನೆಲದ ಕಾನೂನಿಗೆ ತಲೆಬಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಚಿಂತೆ ಕಂಪನಿಯದಲ್ಲ, ಅಲ್ಲಿ ನಾಲ್ಕು ಸಾಲು ಬರೆದವನದು. ಅವನ ಬರಹ ತೆಗೆಸಿದರೆ ಏಕೆ ತೆಗೆಸಿದಿರಿ ಎಂದು ಅವನಿಗೆ ತಿಳಿಯಬೇಕು, ಪ್ರಶ್ನಿಸಲು ಒಂದು ಬಾಗಿಲು ಇರಬೇಕು. ತೆಗೆಸುವ ಆದೇಶ ಹಿರಿಯ ಅಧಿಕಾರಿಯಿಂದಲೇ, ಕಾರಣ ಸಹಿತ ಹೋಗಬೇಕೆಂದು 2025ರ ಅಕ್ಟೋಬರಿನಲ್ಲಿ ನಿಯಮ ತಿದ್ದಿದ್ದಾರೆ. ಒಂದು ಹೆಜ್ಜೆ ಮುಂದೆ ಬಂದಂತಾಯಿತು. ಬರೆದವನಿಗೂ ತಿಳಿಸುವುದು ಮುಂದಿನ ಹೆಜ್ಜೆಯಾಗಲಿ.

ಒಳ್ಳೆಯ ಕಾನೂನು ಹೇಗಿರುತ್ತದೆ ಎನ್ನುವುದಕ್ಕೆ ನನಗೆ ಕಾಣುವ ಒಂದು ಉದಾಹರಣೆ ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ. ನಮ್ಮೂರ ಕಡೆಯಿಂದ ಬೆಂಗಳೂರಿಗೆ ಹೋಗಿ ಬೈಕಿನಲ್ಲಿ ಊಟ ತಲುಪಿಸುವ ಹುಡುಗರಿದ್ದಾರಲ್ಲ, ಅಂಥವರನ್ನು ಕಂಪನಿ ಕಾರಣ ಬರೆದುಕೊಡದೆ, 14 ದಿನ ಮೊದಲೇ ತಿಳಿಸದೆ ಸುಮ್ಮನೆ ಆ್ಯಪಿನಿಂದ ತೆಗೆದುಹಾಕುವಂತಿಲ್ಲ. ಅವರ ಕ್ಷೇಮನಿಧಿಗೆ ಕಂಪನಿಯೇ ಶೇ. 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಇದು ಕಾಗದದ ಮೇಲಷ್ಟೇ ಉಳಿಯದೆ ನಡೆಯುವಂತೆ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮಂಥ ಓದಿದವರದೂ ಹೌದು.

ಆದ್ದರಿಂದ ಪುಟ್ಟ, "ಕಾನೂನು ಬೇಕೋ ಬೇಡವೋ" ಎಂದು ಜಗಳವಾಡಬೇಡಿ. ಹೊಸ ನಿಯಮ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಬಲವುಳ್ಳವರನ್ನು ಕಟ್ಟುತ್ತದೆಯೋ, ಬಲವಿಲ್ಲದವರನ್ನೋ? ಆದೇಶ ಕೊಟ್ಟವರು ಕಾರಣ ಹೇಳಬೇಕೋ, ಬೇಡವೋ? ನೊಂದವರು ಹೋಗಿ ಕೇಳಲು ಆ ಆದೇಶ ಕೊಟ್ಟವರನ್ನು ಬಿಟ್ಟು ಬೇರೆ ಯಾರಾದರೂ ಇದ್ದಾರೆಯೇ? ಟ್ರಾಯ್ ಯಾವುದೇ ನಿಯಮ ಮಾಡುವ ಮೊದಲು ಸಮಾಲೋಚನಾ ಪತ್ರ ಹೊರಡಿಸಿ ಜನರ ಅಭಿಪ್ರಾಯ ಕೇಳುತ್ತದೆ. ಮುಂದಿನ ಸಲ ನೀನೂ ತಂಗಿಯೂ ಕೂತು ಬರೆದು ಕಳಿಸಿ; ಭಿನ್ನಾಭಿಪ್ರಾಯವಿದ್ದರೆ ಎರಡು ಕಾಗದ ಹೋಗಲಿ.

ಇನ್ನೊಂದು ಮಾತು. ನಿನ್ನ ಕೆಲಸದಲ್ಲಿ ಯಾರಾದರೂ ಜನರಿಂದ ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಎಳೆಯುವ ಹಾಗೆ ಪ್ರೋಗ್ರಾಮ್ ಬರಿ ಎಂದರೆ, "ಇದು ಯಾತಕ್ಕೆ ಬೇಕು" ಎಂದು ಮೀಟಿಂಗಿನಲ್ಲೇ ಕೇಳು. ಕಾನೂನು ದಿಲ್ಲಿಯಿಂದ ಬರುವ ಮೊದಲು ನಿಮ್ಮಂಥವರ ಬಾಯಿಂದ ಬರಬೇಕು. ನಾವು ಆಪರೇಟರುಗಳು ಗುಟ್ಟು ಕಾಪಾಡಿದ್ದು ಜೈಲಿನ ಭಯದಿಂದಷ್ಟೇ ಅಲ್ಲ. ಆಚೆ ಬದಿಯಲ್ಲಿ ಮಾತಾಡುವವರು ನಮ್ಮೂರಿನವರೇ ಎಂಬ ಮಮತೆಯಿಂದ. ನಿನಗೂ ಆ ಮಮತೆ ಇರಲಿ.

ಒಪ್ಪದಿದ್ದರೆ ಉತ್ತರ ಬರೆ, ಬೇಕಾದಷ್ಟು ವಾದ ಮಾಡು. ಹಬ್ಬಕ್ಕೆ ಎರಡು ದಿನ ಮುಂಚೆಯೇ ಬಾ.

ಪ್ರೀತಿಯಿಂದ,
ನಿನ್ನ ಅಜ್ಜಿ